ಗುಡ್ಡ ದಾಟಿ ಬರುವ ಧಾರವಾಡ

ಮಾನ್ಯರೆ,

ರೇಡಿಯೊ ಎಂದರೆ ಎಫ್‌.ಎಂ. ಮಾತ್ರ ಎಂಬಂತೆ ಈಗ ಎಲ್ಲರೂ ಮಾತನಾಡುತ್ತಾರೆ. ಕುಮಟಾ–ಸಿದ್ದಾಪುರ ನಡುವಿನ ಘಟ್ಟದ ತಪ್ಪಲಲ್ಲಿ ಮನೆ ಇರುವ ನಾನು ಅದನ್ನು ಒಪ್ಪಲಾರೆ. ಎಫ್‌.ಎಂ. ಅಲೆ ಹೆಚ್ಚುಕಡಿಮೆ ನೇರವಾಗಿ ಸಾಗುವಂಥದ್ದು. ಅಡ್ಡ ಗುಡ್ಡ ಬಂದರೆ ಬರಿಯ ಗೊರಗೊರ ಸದ್ದು. ಮೀಡಿಯಂ ವೇವ್ ಎನ್ನುವ ಮಧ್ಯಮ ತರಂಗವಾದರೋ ನೆಲ ಹಿಡಿದು ಬರುತ್ತದೆ, ಕತ್ತಲಾದ ಮೇಲೆ ಆಕಾಶಕ್ಕೆ ಬಡಿದು ಇನ್ನೂ ದೂರಕ್ಕೆ ಮರಳುತ್ತದೆ.

1950ರ ಜನವರಿ 8ರಂದು ಆರಂಭವಾದ ಧಾರವಾಡ ಆಕಾಶವಾಣಿಯನ್ನು ಮಧ್ಯಮ ತರಂಗದ 765 ಕಿಲೋಹರ್ಟ್ಸ್‌ನಲ್ಲಿ ಕೇಳುತ್ತಲೇ ನಾವು ಬೆಳೆದೆವು. ಮಲ್ಲಿಕಾರ್ಜುನ ಮನಸೂರರು ಸಂಗೀತ ಸಲಹೆಗಾರರಾಗಿದ್ದ ನಿಲಯವದು. ನನ್ನ ಅಪ್ಪನಿಗೆ ಮಾತ್ರ ಖಯಾಲ್ ಗಾಯನಕ್ಕಿಂತ ರೈತರ ಕಾರ್ಯಕ್ರಮವೇ ದೊಡ್ಡದು. ಅಡಿಕೆಯ ಕೊಳೆರೋಗಕ್ಕೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬ ಲೆಕ್ಕವನ್ನು ಅವರು ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದರು. ‘ಬಯಲುಸೀಮೆಯವರಿಗೆ ಅಡಿಕೆ ಏನು ತಿಳಿದೀತು’ ಎಂದು ಗೊಣಗಿಕೊಂಡೇ!

ಕಾರವಾರದ 102.3 ಎಫ್‌.ಎಂ. ಕರಾವಳಿಗೆ ಹತ್ತಿರದ ದನಿ, ನಿಜ. ಆದರೆ ಮಳೆಗಾಲದಲ್ಲಿ ವಿದ್ಯುತ್ತೂ ಮೊಬೈಲ್ ಸಿಗ್ನಲ್ಲೂ ಇಲ್ಲದ ದಿನ ನಮ್ಮ ಕಣಿವೆಗೆ ಇಳಿಯುವುದು ಮಧ್ಯಮ ತರಂಗ. ಅದನ್ನು ಹಳೆಯದೆಂದು ಕೈಬಿಡದೆ, ಮಳೆಗಾಲದ ಸಂಜೆಗಳಲ್ಲಾದರೂ ಅರ್ಧ ಗಂಟೆ ಘಟ್ಟದ ರಸ್ತೆ, ಗುಡ್ಡಕುಸಿತ, ಕಡಲಿನ ಸ್ಥಿತಿಯ ಮಾತುಕತೆಗೆ ಮೀಸಲಿಡಬೇಕೆಂದು ವಿನಂತಿ.

— ಒಬ್ಬ ಕೇಳುಗ, ಕುಮಟಾ ತಾಲ್ಲೂಕು