ಗೆಳೆಯಾ, ನನ್ನ ಟೀಮಿಗೆ ಈಗ ಊರೇ ಇಲ್ಲ

ಪ್ರೀತಿಯ ಗೆಳೆಯಾ,

ಹೋದ ಭಾನುವಾರ ಫೋನಿನಲ್ಲಿ ನೀನು ಕೇಳಿದ ಪ್ರಶ್ನೆಗೆ ಆಗಲೇ ಉತ್ತರ ಕೊಡೋಕೆ ಆಗಲಿಲ್ಲ. "ನಿನ್ನ ಬೇಸ್‌ಬಾಲ್ ಟೀಮು ಓಕ್‌ಲ್ಯಾಂಡಿನಿಂದ ಸ್ಯಾಕ್ರಮೆಂಟೊಗೆ ತಾನೇ ಹೋಗಿರೋದು? ಹಾಸನದಿಂದ ಮೈಸೂರಿಗಿಂತ ಸ್ವಲ್ಪ ಜಾಸ್ತಿ ದೂರ ಅಷ್ಟೇ. ಕಾರು ತಗೊಂಡು ಹೋಗಿ ನೋಡ್ಕೊಂಡು ಬಾ, ಅದಕ್ಯಾಕೆ ಇಷ್ಟು ಬೇಜಾರು?" ಅಂದೆ. ನೀನು ಒಳ್ಳೆ ಮನಸ್ಸಿನಿಂದಲೇ ಕೇಳಿದ್ದು, ಗೊತ್ತು. ಆದರೆ ನನಗೆ ಗಂಟಲು ಕಟ್ಟಿತು, ಏನೋ ಹೇಳಿ ಮಾತು ಬದಲಾಯಿಸಿಬಿಟ್ಟೆ. ಈಗ ಕೂತು ಬರೆಯುತ್ತಿದ್ದೇನೆ. ಪೂರ್ತಿ ಓದು.

ನಾನು ಇಲ್ಲಿಗೆ, ಕ್ಯಾಲಿಫೋರ್ನಿಯಾಗೆ, ಬಂದದ್ದು 2012ರಲ್ಲಿ. ಆಫೀಸು, ಮನೆ, ಮತ್ತೆ ಆಫೀಸು. ಶನಿವಾರ ಬಂತೆಂದರೆ ಏನು ಮಾಡಬೇಕು ಅಂತಲೇ ತೋಚುತ್ತಿರಲಿಲ್ಲ. ಒಂದು ಸಂಜೆ ಆಫೀಸಿನ ಹಿರಿಯರೊಬ್ಬರು "ಬಾ, ಓಕ್‌ಲ್ಯಾಂಡ್ ಆಥ್ಲೆಟಿಕ್ಸ್ ಆಟ ನೋಡೋಣ" ಅಂತ ಕರೆದುಕೊಂಡು ಹೋದರು. ಎಲ್ಲರೂ ಆ ಟೀಮನ್ನು ಏಸ್ ಅಂತಾರೆ. ಬಾರ್ಟ್ ರೈಲಿನಲ್ಲಿ ಕೊಲಿಸಿಯಮ್ ಸ್ಟೇಷನ್ನಿನಲ್ಲಿ ಇಳಿದರೆ ಒಂದು ಉದ್ದನೆಯ ಕಾಲ್ಸೇತುವೆ. ಸೇತುವೆಯ ಉದ್ದಕ್ಕೂ ಟಿ-ಶರ್ಟ್, ಕಡಲೆಕಾಯಿ, ನೀರಿನ ಬಾಟಲಿ ಮಾರುವವರ ಕೂಗು. ಅದನ್ನು ಕೇಳಿದ್ದೇ ನನಗೆ ಹಾಸನಾಂಬ ಜಾತ್ರೆಯ ಬೀದಿ ನೆನಪಾಯಿತು ಕಣೋ. ಒಳಗೆ ಹೋದರೆ ರೈಟ್ ಫೀಲ್ಡಿನ ಹಿಂದಿನ ಬೆಂಚುಗಳಲ್ಲಿ ಒಂದು ಗುಂಪು ಡ್ರಮ್ಮು ಬಾರಿಸುತ್ತಾ ದೊಡ್ಡ ದೊಡ್ಡ ಹಸಿರು ಬಾವುಟ ಬೀಸುತ್ತಿತ್ತು. ನಾನು ತಮಟೆ ಸದ್ದು ಕೇಳಿ ಬೆಳೆದವನು. ಅಲ್ಲಿಗೇ ಹೋಗಿ ಕೂತುಬಿಟ್ಟೆ.

ಕೊಲಿಸಿಯಮ್ ಅನ್ನೋ ಆ ಸ್ಟೇಡಿಯಂ ಚೆಂದವಾಗಿರಲಿಲ್ಲ. ಬರೀ ಕಾಂಕ್ರೀಟು. ಮುಂಚೆ ಕೂತಲ್ಲಿಂದಲೇ ಓಕ್‌ಲ್ಯಾಂಡಿನ ಗುಡ್ಡಗಳು ಕಾಣುತ್ತಿದ್ದವಂತೆ. 1990ರ ದಶಕದಲ್ಲಿ ಫುಟ್‌ಬಾಲ್ ಟೀಮಿಗೋಸ್ಕರ ಎತ್ತರದ ಸೀಟುಗಳ ಸಾಲು ಕಟ್ಟಿ ಅದನ್ನೂ ಮುಚ್ಚಿದರು. ಆದರೆ ಟಿಕೆಟ್ ಅಗ್ಗ, ಮತ್ತೆ ಎಲ್ಲಾ ಥರದ ಜನ ಬರುತ್ತಿದ್ದರು. ನನ್ನ ಪಕ್ಕದಲ್ಲಿ ಒಬ್ಬರು ಅಜ್ಜಿ ಕೂರುತ್ತಿದ್ದರು. ಟೀಮು 1968ರಲ್ಲಿ ಕಾನ್ಸಾಸ್ ಸಿಟಿಯಿಂದ ಓಕ್‌ಲ್ಯಾಂಡಿಗೆ ಬಂತಲ್ಲ, ಆ ವರ್ಷದಿಂದಲೂ ಬರುತ್ತಿದ್ದವರು. ಪೆನ್ಸಿಲ್ ಹಿಡಿದು ಪ್ರತಿ ಎಸೆತವನ್ನೂ ಸ್ಕೋರ್ ಹಾಳೆಯಲ್ಲಿ ಬರೆಯುತ್ತಿದ್ದರು. ನನಗೂ ಬರೆಯೋದು ಕಲಿಸಿದ್ದು ಅವರೇ. 1972, 73, 74, ಸಾಲಾಗಿ ಮೂರು ವರ್ಷ ವರ್ಲ್ಡ್ ಸೀರೀಸ್, ಅಂದರೆ ಇಲ್ಲಿನ ಬೇಸ್‌ಬಾಲಿನ ಫೈನಲ್, ಗೆದ್ದದ್ದನ್ನು ಮೊನ್ನೆ ಮೊನ್ನೆ ಆದ ಹಾಗೆ ಹೇಳೋರು. 2002ರ ಸೆಪ್ಟೆಂಬರ್ 4ರ ಆಟವನ್ನಂತೂ ನಾನು ಅವರ ಬಾಯಿಂದ ಹತ್ತು ಸಲವಾದರೂ ಕೇಳಿದ್ದೇನೆ. ಸತತ 19 ಗೆದ್ದು 20ನೇದಕ್ಕೆ ಆಡುತ್ತಿದ್ದರು. 11-0 ಮುಂದಿದ್ದರು. ಎದುರಾಳಿ ಅದನ್ನು 11-11 ಮಾಡಿತು. ಕೊನೆಗೆ ಒಂಬತ್ತನೇ ಇನ್ನಿಂಗ್ಸಿನಲ್ಲಿ ಸ್ಕಾಟ್ ಹ್ಯಾಟೆಬರ್ಗ್ ಹೋಮ್ ರನ್ ಹೊಡೆದ, ನಮ್ಮ ಸಿಕ್ಸರ್ ಥರ. "55 ಸಾವಿರ ಜನ ಕೂಗಿದಾಗ ನನ್ನ ಕಾಲ ಕೆಳಗಿನ ಕಾಂಕ್ರೀಟು ಅಲ್ಲಾಡಿತು" ಅನ್ನೋರು.

ನಾನು ಆ ಟೀಮಿಗೆ ಪೂರ್ತಿ ಮನಸ್ಸು ಕೊಟ್ಟ ದಿನ ಮಾತ್ರ ಗೆದ್ದ ದಿನವಲ್ಲ, ಸೋತ ದಿನ. ಅದನ್ನು ನಿನಗೆ ಸರಿಯಾಗಿ ಹೇಳಬೇಕು.

2012ರ ಆ ಟೀಮಿನ ಮೇಲೆ ಯಾರಿಗೂ ನಂಬಿಕೆ ಇರಲಿಲ್ಲ. ಹೊಸ ಹುಡುಗರು, ಲೀಗಿನಲ್ಲೇ ಅತಿ ಕಡಿಮೆ ಸಂಬಳದ ಟೀಮುಗಳಲ್ಲೊಂದು. ಜೂನ್ ಕೊನೆಗೆ ಟೆಕ್ಸಸ್ ರೇಂಜರ್ಸ್‌ಗಿಂತ 13 ಆಟ ಹಿಂದೆ ಇದ್ದರು. ಅಲ್ಲಿಂದ ಒಂದೊಂದೇ ಗೆಲ್ಲುತ್ತಾ ಬಂದು, ಅಕ್ಟೋಬರ್ 3ರಂದು, ಲೀಗಿನ ಕಟ್ಟಕಡೆಯ ದಿನ, ಅದೇ ಟೆಕ್ಸಸ್ ಟೀಮನ್ನು 12-5ರಿಂದ ಸೋಲಿಸಿ ಡಿವಿಷನ್, ಅಂದರೆ ತಮ್ಮ ಗುಂಪಿನ ಮೊದಲ ಸ್ಥಾನ, ಗೆದ್ದರು! ಬುಧವಾರ ಮಧ್ಯಾಹ್ನ. ಆಫೀಸಿನಲ್ಲಿ ಯಾರೂ ಕೆಲಸ ಮಾಡಲಿಲ್ಲ, ರೇಡಿಯೋ ಸುತ್ತ ನಿಂತಿದ್ದೆವು. ನಿಮ್ಮ ಮನೆಯ ಜಗಲಿ ಮೇಲೆ ಟ್ರಾನ್ಸಿಸ್ಟರ್ ಸುತ್ತ ನಿಲ್ಲುತ್ತಿದ್ದೆವಲ್ಲ, ಹಾಗೆ.

ಆಮೇಲೆ ಪ್ಲೇಆಫ್‌ನಲ್ಲಿ ಡೆಟ್ರಾಯ್ಟ್ ಜೊತೆ ಐದು ಆಟದ ಸರಣಿ. ನಾಲ್ಕನೇ ಆಟ ಕೊನೇ ಇನ್ನಿಂಗ್ಸಿನಲ್ಲಿ ಕೋಕೋ ಕ್ರಿಸ್ಪ್ ಹೊಡೆದ ಹೊಡೆತಕ್ಕೆ 4-3 ಗೆದ್ದೆವು. ಐದನೆಯದಕ್ಕೆ ಆ ಹಿರಿಯರು ನನಗೂ ಒಂದು ಟಿಕೆಟ್ ತಂದಿದ್ದರು. ಆವತ್ತು ಜಸ್ಟಿನ್ ವರ್ಲಾಂಡರ್ ಎಸೆದ ಚೆಂಡು ನಮ್ಮ ಹುಡುಗರಿಗೆ ಕಾಣಲೇ ಇಲ್ಲ ಅನ್ನಬೇಕು. ಒಂಬತ್ತೂ ಇನ್ನಿಂಗ್ಸ್ ಅವನೊಬ್ಬನೇ ಎಸೆದ, ನಮ್ಮವರನ್ನು 11 ಸಲ ಸ್ಟ್ರೈಕ್ ಔಟ್ ಮಾಡಿದ, ಅಂದರೆ ಚೆಂಡು ಆಡೋಕೇ ಬಿಡದೆ ಔಟ್. 6-0. ಮುಗಿಯಿತು. ಡೆಟ್ರಾಯ್ಟಿನವರು ಮೈದಾನದ ಮಧ್ಯೆ ಒಬ್ಬರ ಮೇಲೊಬ್ಬರು ಬಿದ್ದು ಕುಣಿಯುತ್ತಿದ್ದರು. ನಾನು ಬ್ಯಾಗು ತಗೊಂಡು ಎದ್ದೆ. ಆದರೆ ಯಾರೂ ಕದಲಲಿಲ್ಲ ಕಣೋ. ಇಡೀ ಸ್ಟೇಡಿಯಂ ಎದ್ದು ನಿಂತು, ಸೋತ ತಮ್ಮ ಹುಡುಗರಿಗೆ ಚಪ್ಪಾಳೆ ಹೊಡೆಯೋಕೆ ಶುರು ಮಾಡಿತು. "ಲೆಟ್ಸ್ ಗೋ ಓಕ್‌ಲ್ಯಾಂಡ್, ಲೆಟ್ಸ್ ಗೋ ಓಕ್‌ಲ್ಯಾಂಡ್." ಎಷ್ಟು ಹೊತ್ತು ಅಂತೀಯಾ! ಗೆದ್ದವರ ಗಲಾಟೆ ಮುಚ್ಚಿಹೋಗುವಷ್ಟು. ಒಳಗೆ ಹೋಗಿದ್ದ ಆಟಗಾರರು ಮತ್ತೆ ಹೊರಗೆ ಬಂದು ಟೋಪಿ ಎತ್ತಿದರು. ಅಜ್ಜಿ ಅಳುತ್ತಿದ್ದರು. ನಾನೂ ಅಳುತ್ತಿದ್ದೆ, ಆ ಆಟ ನನಗೆ ಪೂರ್ತಿ ಅರ್ಥ ಕೂಡ ಆಗುತ್ತಿರಲಿಲ್ಲ ಆಗ. ಈ ದೇಶದಲ್ಲಿ ನಾನೂ ಒಂದು ಊರಿನವನು ಅಂತ ಮೊದಲ ಸಲ ಅನ್ನಿಸಿದ್ದು ಆ ರಾತ್ರಿ.

ಈಗ ಕೇಳು. ಅದೇ ಜನರ ಬಗ್ಗೆ ಆಮೇಲೆ "ಓಕ್‌ಲ್ಯಾಂಡಿನವರು ಆಟ ನೋಡೋಕೆ ಬರಲ್ಲ" ಅಂತ ಹೇಳಿದರು. ಬರಲಿಲ್ಲ ನಿಜ, ಕೊನೆ ಕೊನೆಗೆ. ಯಾಕೆ ಬರುತ್ತಾರೆ? ಮ್ಯಾಟ್ ಓಲ್ಸನ್, ಮ್ಯಾಟ್ ಚಾಪ್ಮನ್, ಶಾನ್ ಮರ್ಫಿ, ಮಕ್ಕಳು ಯಾರ ಹೆಸರಿನ ಶರ್ಟು ಹಾಕಿಕೊಳ್ಳುತ್ತಿದ್ದರೋ ಅವರನ್ನೆಲ್ಲ ಮಾಲೀಕರು ಒಬ್ಬೊಬ್ಬರಾಗಿ ಬೇರೆ ಟೀಮಿಗೆ ಕೊಟ್ಟುಬಿಟ್ಟರು. 2023ರಲ್ಲಿ 112 ಆಟ ಸೋತರು. ಜೊತೆಗೆ ಲಾಸ್ ವೇಗಸ್‌ಗೆ ಹೋಗ್ತೀವಿ ಅನ್ನೋ ಮಾತು. ಮನೆ ಮಾರೋಕೆ ಇಟ್ಟವರು ಸೋರುವ ಹೆಂಚು ಸರಿ ಮಾಡಿಸ್ತಾರಾ?

ಆಗ ಅಭಿಮಾನಿಗಳು ಒಂದು ಕೆಲಸ ಮಾಡಿದರು, ನೆನೆಸಿಕೊಂಡರೆ ಈಗಲೂ ನನಗೆ ಹೆಮ್ಮೆ. ಸಾಮಾನ್ಯವಾಗಿ ಸಿಟ್ಟು ಬಂದರೆ ಆಟಕ್ಕೆ ಹೋಗೋದು ಬಿಡುತ್ತಾರೆ ಅಲ್ವಾ? ಇವರು ಉಲ್ಟಾ ಮಾಡಿದರು. 2023ರ ಜೂನ್ 13, ಮಂಗಳವಾರ, ಎಲ್ಲರೂ ಬನ್ನಿ ಅಂದರು. 27,759 ಜನ ಬಂದೆವು. ಹಸಿರು ಟಿ-ಶರ್ಟು, ಅದರ ಮೇಲೆ ಒಂದೇ ಪದ, ಮಾಲೀಕರಿಗೆ: "ಸೆಲ್". ಮಾರಿಬಿಡಿ, ಆದರೆ ಟೀಮನ್ನು ಊರಲ್ಲೇ ಬಿಡಿ ಅಂತ. ಐದನೇ ಇನ್ನಿಂಗ್ಸ್ ಶುರುವಾದಾಗ ಇಡೀ ಸ್ಟೇಡಿಯಂ ಸುಮ್ಮನಾಯಿತು. ಡ್ರಮ್ಮು ಕೂಡ ನಿಂತಿತು. ಆಮೇಲೆ ಎಲ್ಲರೂ ಒಟ್ಟಿಗೆ ಕೂಗಿದೆವು. ಆವತ್ತು ಎದುರಿಗಿದ್ದದ್ದು ಟ್ಯಾಂಪಾ ಬೇ, ಅತ್ಯಂತ ಬಲವಾದ ಟೀಮು. ನಮ್ಮವರು ಅವರನ್ನು 2-1ರಿಂದ ಸೋಲಿಸಿದರು. ಮನೆಗೆ ಹೋಗುವಾಗ ರೈಲಿನಲ್ಲಿ ಗುರುತಿಲ್ಲದವರೆಲ್ಲ ತಬ್ಬಿಕೊಳ್ಳುತ್ತಿದ್ದರು. ಆಗಲೇ ಯಾರೋ ಫೋನು ನೋಡಿ ಹೇಳಿದರು, ಹೊಸ ಸ್ಟೇಡಿಯಂಗೆ ಸರ್ಕಾರದ ದುಡ್ಡು ಕೊಡುವ ಮಸೂದೆಯನ್ನು ಲಾಸ್ ವೇಗಸ್ ಇರುವ ನೆವಾಡಾ ರಾಜ್ಯದ ಸೆನೆಟ್ ಅದೇ ದಿನ ಪಾಸ್ ಮಾಡಿದೆ. 38 ಕೋಟಿ ಡಾಲರ್. ಬೋಗಿ ತಣ್ಣಗಾಯಿತು. ಟೀಮು ಲಾಸ್ ವೇಗಸ್‌ಗೆ ಹೋಗೋದಕ್ಕೆ ನವೆಂಬರಿನಲ್ಲಿ ಲೀಗಿನ 30 ಟೀಮುಗಳ ಮಾಲೀಕರೂ ಒಪ್ಪಿಗೆ ಹಾಕಿದರು. ಒಬ್ಬರಾದರೂ ಬೇಡ ಅನ್ನಲಿಲ್ಲ.

ಕೊನೇ ಆಟ 2024ರ ಸೆಪ್ಟೆಂಬರ್ 26. ಮತ್ತೆ ಅದೇ ಟೆಕ್ಸಸ್. 46,889 ಜನ. ನಮ್ಮ ಹಳೇ ಆಟಗಾರ ಬ್ಯಾರಿ ಝಿಟೊ ರಾಷ್ಟ್ರಗೀತೆ ಹಾಡಿದ. ಮೊದಲ ಚೆಂಡು ಎಸೆಯೋಕೆ ಇನ್ನಿಬ್ಬರು ಹಳಬರು, ಡೇವ್ ಸ್ಟೀವರ್ಟ್ ಜೊತೆ ರಿಕಿ ಹೆಂಡರ್ಸನ್, ಬಂದಿದ್ದರು.

ರಿಕಿ ಬಗ್ಗೆ ನಿನಗೆ ಹೇಳಲೇಬೇಕು. ಬೇಸ್‌ಬಾಲಿನಲ್ಲಿ ಬೇಸ್ ಕದಿಯೋದು ಅಂತ ಇದೆ. ಬೇಸ್ ಅಂದರೆ ರನ್ನಿಗೆ ಓಡುವವನು ಒಂದೊಂದಾಗಿ ಮುಟ್ಟಬೇಕಾದ ಜಾಗ. ಪಿಚರ್ ಬ್ಯಾಟ್ಸ್‌ಮನ್ ಕಡೆ ಚೆಂಡು ಎಸೆಯುವ ಹೊತ್ತಿಗೇ ಒಂದನೇ ಬೇಸಿನಲ್ಲಿ ನಿಂತವನು ಎರಡನೆಯದಕ್ಕೆ ಓಡುತ್ತಾನೆ. ಕ್ಯಾಚರ್ ಆ ಚೆಂಡು ಹಿಡಿದು ಅಲ್ಲಿಗೆ ಎಸೆಯುವುದರೊಳಗೆ ಇವನು ಮುಟ್ಟಬೇಕು. ನೀನು ನಾನು ಬೀದಿ ಕ್ರಿಕೆಟ್ಟಿನಲ್ಲಿ ಕೀಪರ್ ಕೈಗೆ ಚೆಂಡು ಹೋದರೂ ಬೈಸ್ ಓಡುತ್ತಿದ್ದೆವಲ್ಲ, ಆ ಧೈರ್ಯ ಬೇಕು. ರಿಕಿ ಹಾಗೆ 1,406 ಬೇಸ್ ಕದ್ದ. ಎರಡನೇ ಸ್ಥಾನದಲ್ಲಿರುವ ಲೂ ಬ್ರಾಕ್ 938. ಬ್ರಾಕ್ ದಾಖಲೆ ಮುರಿದದ್ದು 1991ರ ಮೇ 1ರಂದು, ಇದೇ ಕೊಲಿಸಿಯಮ್‌ನಲ್ಲಿ. ಮೂರನೇ ಬೇಸಿಗೆ ತಲೆ ಮುಂದೆ ಮಾಡಿ ಹಾರಿ, ಆ ಬೇಸನ್ನೇ ನೆಲದಿಂದ ಕಿತ್ತು ತಲೆಯ ಮೇಲೆ ಎತ್ತಿ ಹಿಡಿದ. ಅವನು ಓಕ್‌ಲ್ಯಾಂಡಿನಲ್ಲೇ ಬೆಳೆದ ಹುಡುಗ, ಇಲ್ಲಿನ ಸ್ಕೂಲಿನಲ್ಲೇ ಓದಿದವನು. ಮೈದಾನಕ್ಕೆ ಅವನದೇ ಹೆಸರಿಟ್ಟಿದ್ದರು.

ಕೊನೇ ಆಟ 3-2ರಿಂದ ಗೆದ್ದೆವು. ಗೆದ್ದ ಖುಷಿಗೆ ಕೂಗಬೇಕೋ ಅಳಬೇಕೋ ಯಾರಿಗೂ ಗೊತ್ತಾಗಲಿಲ್ಲ. ಮ್ಯಾನೇಜರ್ ಮಾರ್ಕ್ ಕಾಟ್ಸೆ ಮೈಕ್ ಹಿಡಿದು ಎಲ್ಲರಿಗೂ ಥ್ಯಾಂಕ್ಸ್ ಹೇಳಿ, ಇನ್ನೊಂದೇ ಒಂದು ಸಲ ಒಟ್ಟಿಗೆ ಕೂಗೋಣ ಅಂದರು. "ಲೆಟ್ಸ್ ಗೋ ಓಕ್‌ಲ್ಯಾಂಡ್." 2012ರಲ್ಲಿ ಕೇಳಿದ ಅದೇ ಕೂಗು. ಜನ ಮನೆಗೆ ಹೋಗಲೇ ಇಲ್ಲ. ಅಜ್ಜಿ ತಮ್ಮ ಸ್ಕೋರ್ ಹಾಳೆ ತುಂಬಿಸಿ, ಕೆಳಗೆ ತಾರೀಖು ಬರೆದು, ಮಡಚಿ ನನ್ನ ಕೈಗೆ ಕೊಟ್ಟರು. ಅದು ನನ್ನ ಮೇಜಿನ ಡ್ರಾಯರಿನಲ್ಲಿದೆ. ಆ ವರ್ಷ ಡಿಸೆಂಬರ್ 20ಕ್ಕೆ ರಿಕಿ ತೀರಿಕೊಂಡ. ಇನ್ನೈದು ದಿನ ಕಳೆದಿದ್ದರೆ 66 ತುಂಬುತ್ತಿತ್ತು. ಮೈದಾನ ಮುಚ್ಚಿ ಮೂರು ತಿಂಗಳೂ ಆಗಿರಲಿಲ್ಲ.

ಈಗ ಆ ಟೀಮು ಸ್ಯಾಕ್ರಮೆಂಟೊದಲ್ಲಿ ಆಡುತ್ತೆ, ಸಣ್ಣ ಲೀಗಿನ ಟೀಮಿನ ಮೈದಾನದಲ್ಲಿ, ಲಾಸ್ ವೇಗಸ್‌ನಲ್ಲಿ ಸ್ಟೇಡಿಯಂ ಆಗುವವರೆಗೆ. ಹೆಸರಿನಲ್ಲಿ ಊರಿಲ್ಲ, ಬರೀ ಆಥ್ಲೆಟಿಕ್ಸ್. ಒಂದು ತೋಳಿನ ಮೇಲೆ ಸ್ಯಾಕ್ರಮೆಂಟೊ, ಇನ್ನೊಂದು ತೋಳಿನ ಮೇಲೆ ಲಾಸ್ ವೇಗಸ್. ಓಕ್‌ಲ್ಯಾಂಡ್ ಎಲ್ಲೂ ಇಲ್ಲ. ಆರ್‌ಸಿಬಿಗೋಸ್ಕರ ನೀನು 18 ವರ್ಷ ಕಾದೆ. 2025ರ ಜೂನ್ 3ರ ರಾತ್ರಿ ಫೋನು ಮಾಡಿ ಮಾತೇ ಆಡದೆ ಅತ್ತೆ, ನೆನಪಿದೆಯಾ? (ಮರುದಿನ ಚಿನ್ನಸ್ವಾಮಿ ಹತ್ತಿರ ಕಾಲ್ತುಳಿತದಲ್ಲಿ 11 ಜನ ತೀರಿಹೋದರು. ಆ ಸಂಕಟದ ಮಾತು ಬೇರೆ, ನಾವಿಬ್ಬರೂ ಅದನ್ನು ಇನ್ನೂ ಸರಿಯಾಗಿ ಮಾತಾಡಿಲ್ಲ.) ಸೋತ ಅಷ್ಟೂ ವರ್ಷ ನಿನಗೆ ಒಂದು ಧೈರ್ಯ ಇತ್ತು: ಮುಂದಿನ ಸಲ ಕಪ್ ನಮ್ದೇ. ಅದೇ ಟೀಮು ಹೆಸರಿನಿಂದ ಬೆಂಗಳೂರು ತೆಗೆದು, ಅದೇ ಕೆಂಪು ಶರ್ಟು ಹಾಕಿಕೊಂಡು ಬೇರೆ ಊರಿಗೆ ಹೋದರೆ ನೀನು ಏನು ಮಾಡ್ತೀಯ? ನನಗೆ ಮುಂದಿನ ಸಲ ಅನ್ನೋದೇ ಇಲ್ಲ, ಅದಕ್ಕೇ ಬೇಜಾರು.

ಸ್ಕೋರು ನೋಡೋದು ಬಿಟ್ಟಿದ್ದೀಯಾ ಅಂತಲೂ ಕೇಳಿದೆ. ಬಿಡೋಕೆ ಆಗಲಿಲ್ಲ. ಬೆಳಿಗ್ಗೆ ಎದ್ದು ಕದ್ದು ನೋಡುತ್ತೇನೆ. 2025ರ ಜುಲೈ 25ರಂದು ನಿಕ್ ಕರ್ಟ್ಜ್ ಅನ್ನೋ ಹೊಸ ಹುಡುಗ ಒಂದೇ ಆಟದಲ್ಲಿ ನಾಲ್ಕು ಹೋಮ್ ರನ್ ಹೊಡೆದ, ಆರಕ್ಕೆ ಆರು ಹಿಟ್. ಖುಷಿಯಿಂದ ಎದ್ದು ನಿಂತೆ. ಮರುಕ್ಷಣ ಎದೆ ಭಾರವಾಯಿತು. ಈ ಹುಡುಗ ಕೊಲಿಸಿಯಮ್‌ನಲ್ಲಿ ಆಡಿದ್ದರೆ ಆ ಡ್ರಮ್ಮಿನವರು ಏನು ಮಾಡುತ್ತಿದ್ದರು! ಹುಡುಗರ ತಪ್ಪೇನಿದೆ ಹೇಳು. ಅವರು ಗೆಲ್ಲಲಿ. ಆದರೆ ಸ್ಯಾಕ್ರಮೆಂಟೊಗೆ ಹೋಗಿ ಟಿಕೆಟ್ ಕೊಳ್ಳೋಕೆ ನನ್ನ ಕೈ ಬರಲ್ಲ.

ನನ್ನ ದುಡ್ಡು ಈಗ ಬೇರೆ ಕಡೆ ಹೋಗುತ್ತೆ. ಓಕ್‌ಲ್ಯಾಂಡ್ ಬಾಲರ್ಸ್ ಅಂತ ಹೊಸ ಟೀಮು, 2024ರಲ್ಲಿ ಶುರುವಾದದ್ದು, ಪಯನೀರ್ ಲೀಗ್ ಅನ್ನೋ ಸಣ್ಣ ಲೀಗಿನಲ್ಲಿ ಆಡುತ್ತೆ. ಅಭಿಮಾನಿಗಳೇ ದುಡ್ಡು ಹಾಕಿ ಅದರಲ್ಲಿ ಪಾಲು ತಗೊಂಡಿದ್ದಾರೆ. ವೆಸ್ಟ್ ಓಕ್‌ಲ್ಯಾಂಡಿನ ರೈಮಾಂಡಿ ಪಾರ್ಕ್ ಅವರ ಮೈದಾನ. 1989ರ ಭೂಕಂಪದಲ್ಲಿ ಸೈಪ್ರಸ್ ಮೇಲ್ಸೇತುವೆ ಕುಸಿದು 42 ಜನ ಸತ್ತದ್ದು ಅದೇ ವೆಸ್ಟ್ ಓಕ್‌ಲ್ಯಾಂಡಿನಲ್ಲಿ. ಏಸ್ ಕೊನೇ ಸಲ ವರ್ಲ್ಡ್ ಸೀರೀಸ್ ಗೆದ್ದದ್ದೂ ಅದೇ ತಿಂಗಳು. ಸತ್ತವರ ಮೇಲಿನ ಗೌರವಕ್ಕೆ ಆಟಗಾರರು ಶಾಂಪೇನ್ ಹಾರಿಸಲಿಲ್ಲ. ಅಲ್ಲಿಂದ 36 ವರ್ಷ ಕಳೆದ ಮೇಲೆ, 2025ರ ಸೆಪ್ಟೆಂಬರಿನಲ್ಲಿ, ಬಾಲರ್ಸ್ ಫೈನಲ್ಲಿನಲ್ಲಿ ಮೊದಲೆರಡು ಆಟ ಸೋತು, ಉಳಿದ ಮೂರೂ ಗೆದ್ದು ಓಕ್‌ಲ್ಯಾಂಡಿಗೆ ಮತ್ತೆ ಒಂದು ಬೇಸ್‌ಬಾಲ್ ಟ್ರೋಫಿ ತಂದರು.

ಬಾಲರ್ಸ್ ಏಸ್‌ಗೆ ಸಮ ಅಂತ ನಾನು ಹೇಳೋದಿಲ್ಲ. ಸುಮಾರು ನಾಲ್ಕು ಸಾವಿರ ಸೀಟು, ಆಟಗಾರರ ಹೆಸರು ಹೆಚ್ಚು ಜನಕ್ಕೆ ಗೊತ್ತಿಲ್ಲ. ಆದರೆ ಕೊಲಿಸಿಯಮ್‌ನ ಮುಖಗಳು ಅಲ್ಲಿ ಸಿಗುತ್ತವೆ. ಅಜ್ಜಿಗೆ ಈಗ ಮೊಣಕಾಲು ನೋವು, ಮೆಟ್ಟಿಲು ಹತ್ತೋಕೆ ಆಗಲ್ಲ, ಆದರೂ ಮೊಮ್ಮಗನ ಕೈ ಹಿಡಿದು ಬರುತ್ತಾರೆ, ಪೆನ್ಸಿಲ್ ಸಮೇತ.

ನೀನು ಜೂನ್ ತಿಂಗಳಲ್ಲಿ ಬರ್ತೀನಿ ಅಂದಿದ್ದೀಯಲ್ಲ, ದಯವಿಟ್ಟು ಮುಂದಕ್ಕೆ ಹಾಕಬೇಡ. ರೈಮಾಂಡಿಗೆ ಹೋಗೋಣ. ನಮ್ಮ ಕಡೆಯಿಂದ ರೈಲು ಕೊಲಿಸಿಯಮ್ ಸ್ಟೇಷನ್ ದಾಟಿಕೊಂಡೇ ಹೋಗುತ್ತೆ. ಅಲ್ಲಿ ಹತ್ತು ನಿಮಿಷ ಇಳಿಯೋಣ, ಆ ಕಾಲ್ಸೇತುವೆ ತೋರಿಸ್ತೀನಿ. ಬರುವಾಗ ನಿನ್ನ ಕೆಂಪು ಶರ್ಟು ತಗೊಂಡು ಬಾ, ಅಜ್ಜಿಗೆ ಆರ್‌ಸಿಬಿ ಕಥೆ ಹೇಳಿದ್ದೇನೆ, ಆ 18 ವರ್ಷ ಕಾದವನನ್ನು ನೋಡಬೇಕು ಅಂತಿದ್ದಾರೆ.

ಅಮ್ಮನಿಗೆ ನನ್ನ ನಮಸ್ಕಾರ ಹೇಳು.

ನಿನ್ನ ಗೆಳೆಯ