ಮಳೆ ಬಂದರೆ ಪುಸ್ತಕ ಕಟ್ಟುವ ಮಕ್ಕಳ ಬಗ್ಗೆ

ಪೋಷಕರಿಗೆಲ್ಲ ನಮಸ್ಕಾರ,

ಮೊನ್ನೆ ಬಿಸಿಯೂಟ ಮುಗಿದ ಮೇಲೆ ಜೋರು ಮಳೆ ಬಂತಲ್ಲ, ಆಗ ನಾನು ಐದನೇ ತರಗತಿಯಲ್ಲಿದ್ದೆ. ಹೊರಗೆ ಸಪ್ಪಳ ಶುರುವಾಗಿದ್ದೇ ತಡ, ಒಬ್ಬ ಹುಡುಗಿ ಪುಸ್ತಕಗಳನ್ನೆಲ್ಲ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಿಗಿಯಾಗಿ ಗಂಟು ಹಾಕಿ, ಎದೆಗೆ ಅವಚಿಕೊಂಡು ಕೂತಳು. ಯಾಕವ್ವಾ ಅಂದೆ. "ಹೊಳೆ ಬಂದ್ರ ಓಡಬೇಕಲ್ರಿ ಸರ್" ಅಂದಳು. ಅವತ್ತಿನಿಂದ ಈ ಪತ್ರ ಬರೆಯಬೇಕು ಅಂದುಕೊಳ್ಳುತ್ತಿದ್ದೆ.

ನಮ್ಮದು ಘಟಪ್ರಭೆ ದಂಡೆಯ ಊರು. 2019ರ ಆಗಸ್ಟ್‌ನಲ್ಲಿ ಏನಾಯಿತು ಅಂತ ನಿಮಗೆ ನಾನು ಹೇಳಬೇಕಿಲ್ಲ. 2024ರ ಜುಲೈನಲ್ಲಿ ಮತ್ತೆ ನೀರು ಬಂತು. ಬಿದ್ದ ಮನೆಗಳ ಸರ್ವೆ ಆಯಿತು, ಕೊಳೆತ ಕಬ್ಬಿಗೆ ಅರ್ಜಿ ಕೊಟ್ಟಿರಿ. ಮಕ್ಕಳ ಮನಸ್ಸಿಗೆ ಏನಾಯಿತು ಅಂತ ಮಾತ್ರ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಈಗ ಕಣ್ಣಿಗೆ ಬೀಳುತ್ತಿದೆ. ಮೋಡ ಕವಿದರೆ ಕೆಲವರಿಗೆ ಹೊಟ್ಟೆನೋವು. ದೊಡ್ಡ ಹುಡುಗರೂ ರಾತ್ರಿ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಾರೆ ಅಂತ ಕೆಲವು ತಾಯಂದಿರು ಹೇಳಿದ್ದಾರೆ. ನೆರೆಯಲ್ಲಿ ಮನೆ ಬಿಟ್ಟು ಬಂದವರಿಗೆ ನಮ್ಮ ಶಾಲೆ ಕಾಳಜಿ ಕೇಂದ್ರ ಆಗಿದ್ದಾಗ ಕೊನೆಯ ಕೋಣೆಯಲ್ಲಿ ಮಲಗಿದ್ದ ಒಬ್ಬ ಹುಡುಗ ಇವತ್ತಿಗೂ ಆ ಕೋಣೆಗೆ ಕಾಲಿಡುವುದಿಲ್ಲ. ಇದು ಹಟ ಅಲ್ಲ, ನಾಟಕ ಅಲ್ಲ. ದಯವಿಟ್ಟು ಇದಕ್ಕಾಗಿ ಮಕ್ಕಳನ್ನು ಹೊಡೆಯಬೇಡಿ, ಬೇರೆಯವರ ಮುಂದೆ ಹೇಳಿ ನಗಬೇಡಿ.

"ಏನೂ ಆಗಲ್ಲ, ಸುಮ್ನಿರು" ಅನ್ನುವುದೂ ಬೇಡ. ಆಗಿದ್ದನ್ನು ಅವರು ಕಣ್ಣಾರೆ ಕಂಡಿದ್ದಾರೆ, ಅಲ್ವಾ? ಅದರ ಬದಲು, ಹಿಡಕಲ್ ಡ್ಯಾಮಿನಿಂದ ಜಾಸ್ತಿ ನೀರು ಬಿಟ್ಟರು ಅಂತ ಗೊತ್ತಾದ ತಕ್ಷಣ ನಾವು ಎಲ್ಲಿಗೆ ಹೋಗುತ್ತೇವೆ, ಅಜ್ಜಿಯನ್ನು ಯಾರು ಕರೆದುಕೊಂಡು ಬರುತ್ತಾರೆ, ಎಮ್ಮೆಯ ಹಗ್ಗ ಯಾರು ಬಿಚ್ಚುತ್ತಾರೆ ಅಂತ ಮಕ್ಕಳನ್ನು ಕೂರಿಸಿಕೊಂಡು ಮೊದಲೇ ಹೇಳಿಬಿಡಿ. ಮಕ್ಕಳಿಗೂ ಒಂದು ಸಣ್ಣ ಕೆಲಸ ಕೊಡಿ. ಎಮ್ಮೆ ಬಗ್ಗೆ ಸುಮ್ಮನೆ ಬರೆದದ್ದಲ್ಲ: ಕೊಚ್ಚಿಹೋದ ಕರುವಿನ ಬಗ್ಗೆ ನನ್ನ ಹತ್ತಿರ ಅತ್ತ ಮಕ್ಕಳೇ ಜಾಸ್ತಿ. ಹಳೆಯ ನೆರೆಯ ವಿಡಿಯೊಗಳನ್ನು ಮಕ್ಕಳ ಮುಂದೆ ಮತ್ತೆ ಮತ್ತೆ ಹಾಕಬೇಡಿ.

ಇನ್ನು ನಿಮ್ಮ ವಿಷಯ. ಮಳೆಗಾಲದ ರಾತ್ರಿ ನಿದ್ದೆ ಬರದೆ ಎದ್ದು ಹೊಳೆ ನೋಡಿಕೊಂಡು ಬರುವವರು, ಆಮೇಲೆ ಕುಡಿತ ಜಾಸ್ತಿಯಾದವರು, ಮಾತೇ ಬಿಟ್ಟ ಅಜ್ಜಂದಿರು ನಮ್ಮೂರಲ್ಲಿ ಇದ್ದಾರೆ. ನಾಚಿಕೆ ಬೇಡ. 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ, ರಾತ್ರಿಯೂ ಮಾಡಬಹುದು. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮನಸ್ ಅಂತ ಅದರ ಹೆಸರು. ಮಗು ವಾರಗಟ್ಟಲೆ ಊಟ, ನಿದ್ದೆ ಸರಿಯಾಗಿ ಮಾಡದಿದ್ದರೆ ತಾಲೂಕು ಆಸ್ಪತ್ರೆಗೆ ತೋರಿಸಿ. ಒಬ್ಬರೇ ಹೋಗಲು ಹಿಂಜರಿಕೆ ಆದರೆ ನಾನೂ ಬರುತ್ತೇನೆ.

ಈ ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಅದೇ ಕೊನೆಯ ಕೋಣೆಯಲ್ಲಿ ಎಲ್ಲರೂ ಕೂತು ಮಾತಾಡೋಣ. ಅಜ್ಜ ಅಜ್ಜಿಯರನ್ನೂ ಕರೆತನ್ನಿ. ಚಹಾ ಇರುತ್ತದೆ.

ನಿಮ್ಮ,
ಮುಖ್ಯೋಪಾಧ್ಯಾಯ