ಶನಿವಾರ ಹೊರಗೆ ಡ್ಯಾನ್ಸ್: ಬರುವವರು ಓದಿ

ನಮಸ್ಕಾರ. ಈ ಶನಿವಾರ ಕ್ಲಾಸ್ ಇಲ್ಲ, ಎಲ್ಲರೂ ಸೇರಿ ಹೊರಗೆ ಕುಣಿಯಲು ಹೋಗುತ್ತಿದ್ದೇವೆ. ಅಲ್ಲಿ ಕನ್ನಡಿ ಇರುವುದಿಲ್ಲ, ಎಣಿಸಿ ಹೇಳುವವರೂ ಇರುವುದಿಲ್ಲ. ವಾಲ್ಟ್ಸ್ (ಮೂರು ಎಣಿಕೆಯ ಜೋಡಿ ನೃತ್ಯ) ಆದರೆ 1-2-3 ಅಂತ ನೀವೇ ಮನಸ್ಸಲ್ಲಿ ಎಣಿಸಿಕೊಳ್ಳಿ. ಅದರಲ್ಲಿ ಜೋಡಿಗಳೆಲ್ಲ ಕುಣಿಯುವ ಜಾಗದ ಸುತ್ತ ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ಸಾಗುತ್ತಾರೆ, ದಾರಿಯಲ್ಲಿ ನಿಂತುಬಿಡಬೇಡಿ. ಸಾಲ್ಸಾಗೆ ಅಷ್ಟು ಜಾಗ ಬೇಡ, ಹೆಜ್ಜೆ ಚಿಕ್ಕದಿರಲಿ. ಹೋದ ಸಲ ನನ್ನ ಹಿಮ್ಮಡಿ ಹಿಂದಿದ್ದವರ ಕಾಲ್ಬೆರಳಿನ ಮೇಲೇ ಬಿತ್ತು, ಪಾಪ, ತುಂಬಾ ನೋವಾಯಿತು ಅವರಿಗೆ.

ನಮ್ಮ ನಮ್ಮಲ್ಲೇ ಕುಣಿದು ಬರಬೇಡಿ. ಹೊಸಬರನ್ನೂ ಕೇಳಿ. ಬೇಡ ಅಂದರೆ ಸರಿ, ಒತ್ತಾಯ ಬೇಡ. ಇನ್ನೊಂದು ಮಾತು, ಇದು ನನಗೆ ಮುಖ್ಯ: ಜೊತೆಗಾರರ ತಪ್ಪನ್ನು ಅಲ್ಲೇ ತಿದ್ದಬೇಡಿ. ಅವರು ಖುಷಿಗೆ ಬಂದಿರುತ್ತಾರೆ, ಅಲ್ವಾ? ಒಂದು ಜಾಸ್ತಿ ಅಂಗಿ ಇಟ್ಟುಕೊಳ್ಳಿ, ಬೆವರು ಖಂಡಿತ. ಬರುವವರು ನಾಳೆಯೊಳಗೆ ಇಲ್ಲೇ ಹೆಸರು ಹಾಕಿ.